ತೊಡೆಯ ಮೇಲಿನ ಮಗು, ಬಾಯೊಳಗಿನ ಕಲ್ಲು

*ಇಂದಿನ ಧಮ್ಮ ಚಿಂತನೆ*



ಧರ್ಮಸ್ಥಳದ ಕಡೆಯ ನಮ್ಮ ಒಬ್ಬ ತಂಗಿ ಕಳೆದ ವಾರ ಧ್ವನಿ ಸಂದೇಶ ಕಳಿಸಿದ್ದರು. "ಅಣ್ಣ, ಮಗನಿಗೆ 8 ತಿಂಗಳಾಯಿತು. ಮೊದಲೆಲ್ಲ ಬೆಳಿಗ್ಗೆ ಅರ್ಧ ಗಂಟೆ ಆನಾಪಾನಕ್ಕೆ ಕೂರುತ್ತಿದ್ದೆ. ಈಗ ತ್ರಿಶರಣ ಹೇಳಿ ಮುಗಿಸುವಷ್ಟರಲ್ಲಿ ಅವನು ಎದ್ದು ಅಳುತ್ತಿರುತ್ತಾನೆ. ಭಾನುವಾರದ ಅಧ್ಯಯನಕ್ಕೂ ಬರಲು ಆಗುತ್ತಿಲ್ಲ. ಇತ್ತ ಅತ್ತೆ, ಮಗುವಿಗೆ ನೂಲು ಕಟ್ಟಿಸುವ, ಕ್ಷೇತ್ರದಲ್ಲಿ ತುಲಾಭಾರ ಮಾಡಿಸುವ ಅನ್ನುತ್ತಾರೆ. ಬೇಡ ಅನ್ನುವ ಧೈರ್ಯ ಬೇರೆ ದಿನ ಇರುತ್ತದೆ, ಅವನಿಗೆ ಜ್ವರ ಬಂದ ದಿನ ಇರುವುದಿಲ್ಲ. ನನ್ನಲ್ಲಿ ಧಮ್ಮ ಎಲ್ಲಿ ಉಳಿಯಿತು ಅಂತ ಒಮ್ಮೊಮ್ಮೆ ಅನಿಸುತ್ತದೆ."

ಈ ಉತ್ತರವನ್ನು ಅವರೊಬ್ಬರಿಗೇ ಕಳಿಸಬಹುದಿತ್ತು. ಆದರೆ ಇದು ಅಪ್ಪಂದಿರು, ಅಜ್ಜ ಅಜ್ಜಿಯರು, ಪಕ್ಕದ ಮನೆಯವರು ಎಲ್ಲರೂ ಓದಬೇಕಾದ ವಿಷಯ. ಅದಕ್ಕೇ ಇಲ್ಲಿ ಹಾಕುತ್ತಿದ್ದೇವೆ. ಸ್ವಲ್ಪ ಉದ್ದವಿದೆ, ಬಿಡುವು ನೋಡಿ ಓದಿ.

ಮಜ್ಝಿಮ ನಿಕಾಯದ 58ನೆಯ ಸುತ್ತ ಅಭಯರಾಜಕುಮಾರ ಸುತ್ತ. ರಾಜಗೃಹದಲ್ಲಿ ನಡೆದದ್ದು. ಅಭಯನೆಂಬ ರಾಜಕುಮಾರ ಬುದ್ಧರನ್ನು ವಾದದಲ್ಲಿ ಸಿಕ್ಕಿಸಬೇಕೆಂದು ಅವರನ್ನು ಊಟಕ್ಕೆ ಕರೆದು, ಊಟವಾದ ಮೇಲೆ ಒಂದು ಪ್ರಶ್ನೆ ಇಟ್ಟ. ಕೇಳುವವರಿಗೆ ಹಿತವೆನಿಸದ ಮಾತನ್ನು ತಥಾಗತರು ಆಡುತ್ತಾರೆಯೆ? ಆಡುತ್ತೇನೆ ಎಂದರೂ ಸಿಕ್ಕಿಬೀಳಬೇಕು, ಆಡುವುದಿಲ್ಲ ಎಂದರೂ ಸಿಕ್ಕಿಬೀಳಬೇಕು, ಅಂಥ ಪ್ರಶ್ನೆ. ಆ ಹೊತ್ತಿನಲ್ಲಿ ಅಭಯನ ತೊಡೆಯ ಮೇಲೆ ಒಂದು ಹಸುಗೂಸು ಅಂಗಾತ ಮಲಗಿತ್ತು. ಬುದ್ಧರು ಆ ಮಗುವನ್ನೇ ತೋರಿಸಿ ಕೇಳಿದರು: ನಿನ್ನ ಅಥವಾ ದಾದಿಯ ಅಜಾಗರೂಕತೆಯಿಂದ ಈ ಮಗು ಒಂದು ಕಡ್ಡಿಯನ್ನೋ ಕಲ್ಲಿನ ಚೂರನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀ? ತೆಗೆಯುತ್ತೇನೆ, ಎಂದ ಅಭಯ. ಸುಲಭಕ್ಕೆ ಬರದಿದ್ದರೆ ಎಡಗೈಯಲ್ಲಿ ತಲೆ ಹಿಡಿದು ಬಲಗೈಯ ಬೆರಳನ್ನು ಕೊಕ್ಕೆ ಮಾಡಿ, ರಕ್ತ ಬಂದರೂ ಸರಿ, ತೆಗೆಯುತ್ತೇನೆ. ಮಗುವಿನ ಮೇಲಿನ ಅನುಕಂಪದಿಂದಲೇ ಹಾಗೆ ಮಾಡುತ್ತೇನೆ ಎಂದ. ಅಲ್ಲಿಗೆ ಅವನ ಪ್ರಶ್ನೆಗೆ ಅವನೇ ಉತ್ತರ ಕೊಟ್ಟಂತಾಯಿತು.

ಈ ಸುತ್ತವನ್ನು ಸಾಮಾನ್ಯವಾಗಿ ಸಮ್ಮಾ ವಾಚಾದ ಪಾಠವಾಗಿ ಓದುತ್ತೇವೆ. ಆ ಮಾತಿಗೆ ಕೊನೆಯಲ್ಲಿ ಬರೋಣ. ಮೊದಲು ಆ ಮಗುವನ್ನೇ ನೋಡೋಣ. ಬುದ್ಧರಿಗೆ ಮಗುವಿನ ವಿಷಯ ಗೊತ್ತಿತ್ತು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ ಎಂಬುದು ಮಗು ನೋಡಿಕೊಂಡವರಿಗೆ ಮಾತ್ರ ಮೈಯಲ್ಲಿ ಗೊತ್ತಿರುವ ಸತ್ಯ. ಇದೇ ಹೋಲಿಕೆ ಅಂಗುತ್ತರ ನಿಕಾಯದ ಐದರ ವರ್ಗದಲ್ಲೂ ಬರುತ್ತದೆ. ಮಗು ದೊಡ್ಡದಾಗಿ ತಿಳಿವಳಿಕೆ ಬಂದ ಮೇಲೆ ದಾದಿ ನಿಶ್ಚಿಂತೆಯಿಂದ ಇರಬಹುದು, ಅಲ್ಲಿಯವರೆಗೆ ಕಣ್ಣು ಅದರ ಮೇಲೇ ಇರಬೇಕು ಎಂದು.

ಈಗ ನಮ್ಮ ಮನೆಗಳಿಗೆ ಬನ್ನಿ. ಬೆಳ್ತಂಗಡಿ ತಾಲೂಕಿನ ಎಷ್ಟೋ ಮನೆಗಳಲ್ಲಿ ತಾಯಿ ಕಾಲು ಚಾಚಿ ಕೂತು, ತೊಡೆಯ ಮೇಲೆ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಾರೆ. ತಡ್ಪೆಯಲ್ಲಿ ಹೊಗೆಸೊಪ್ಪಿನ ಪುಡಿ, ಪಕ್ಕದಲ್ಲಿ ಕತ್ತರಿ, ನೂಲು, ಕತ್ತರಿಸಿದ ಎಲೆಯ ಚೂರು. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ. 8 ತಿಂಗಳ ಮಗು ಅಂಬೆಗಾಲಿಟ್ಟು ಹೊರಟಿದೆ. ಸಂಜೆಯೊಳಗೆ ಬ್ರಾಂಚಿಗೆ ಬೀಡಿ ಮುಟ್ಟಿಸಬೇಕು. ಕೈ ಬೀಡಿಯ ಮೇಲೆ, ಕಣ್ಣು ಮಗುವಿನ ಮೇಲೆ, ಕಿವಿ ಒಲೆಯ ಮೇಲಿನ ಗಂಜಿಯ ಮೇಲೆ. ಈ ಸ್ಥಿತಿಗೆ ಪಾಳಿಯಲ್ಲಿ ಒಂದು ಹೆಸರಿದೆ: ಸತಿ. ಅಪ್ಪಮಾದ ಎಂದರೂ ಸರಿಯೇ. ಕಣ್ಣು ಮುಚ್ಚಿ ಅರ್ಧ ಗಂಟೆ ಕೂರುವುದು ಈ ಎಚ್ಚರವನ್ನು ಕಲಿಯಲು ಮಾಡುವ ಅಭ್ಯಾಸ. ತಂಗೀ, ನಿಮಗೆ ಅಭ್ಯಾಸದ ಕೊಠಡಿ ತಪ್ಪಿಹೋಗಿ ನೇರ ಪರೀಕ್ಷೆಯ ಕೊಠಡಿಗೇ ಕರೆದುಕೊಂಡು ಹೋಗಿದ್ದಾರೆ, ಅಷ್ಟೆ.

(ಇಲ್ಲಿ ಒಂದು ಮಾತು. ಬೆರಳು ಹಾಕಿ ತೆಗೆಯುವುದು 2,500 ವರ್ಷದ ಹಿಂದಿನ ಉಪಾಯ. ಬಾಯಲ್ಲಿ ವಸ್ತು ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ತೆಗೆಯಿರಿ. ಕಾಣದಿದ್ದರೆ ಬೆರಳು ಹಾಕಿ ತಡಕಬೇಡಿ, ಒಳಗೆ ಹೋಗಿಬಿಡುತ್ತದೆ. ವರ್ಷದೊಳಗಿನ ಮಗುವಿಗೆ ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಿ, ಅಳಲೂ ಕೆಮ್ಮಲೂ ಆಗದಿದ್ದರೆ, ಮುಂಗೈಯ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಬೆನ್ನಿನ ರೆಕ್ಕೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಹೊಡೆಯಬೇಕು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ 5 ಸಲ ಒತ್ತಬೇಕು. ಮತ್ತೆ ಬೆನ್ನು, ಮತ್ತೆ ಎದೆ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಆಶಾ ಕಾರ್ಯಕರ್ತೆಯನ್ನೋ ದಾದಿಯನ್ನೋ ಕೇಳಿ ಬೊಂಬೆಯ ಮೇಲೆ ಒಮ್ಮೆ ಮಾಡಿ ನೋಡಿಟ್ಟುಕೊಳ್ಳಿ.)

ಕರಣೀಯ ಮೆತ್ತ ಸುತ್ತದಲ್ಲಿ ಮೈತ್ರಿಯ ಅಳತೆಗೋಲು ಯಾವುದು? ಒಬ್ಬಳೇ ತಾಯಿ ತನ್ನ ಒಂದೇ ಮಗುವನ್ನು ಪ್ರಾಣ ಕೊಟ್ಟಾದರೂ ಕಾಯುವ ರೀತಿ. ಅಲ್ಲಿ ಹೇಳಿರುವುದು ತಾಯಿಯ ಮುದ್ದಿನ ಮಾತಲ್ಲ, ಕಾಯುವ ಮಾತು. ಕಾಯುವುದು ಕೆಲಸ. ರಾತ್ರಿ 2 ಗಂಟೆಗೆ ಎದ್ದು ಹಾಲು ಕೊಡುವುದು ಕೆಲಸ. ಆಟಿ ತಿಂಗಳ ಮಳೆಯಲ್ಲಿ ಒಣಗದ ಬಟ್ಟೆಯನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಒಣಗಿಸುವುದು ಕೆಲಸ. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಕರುಣೆಯ ಮೇಲೆ ನಿಲ್ಲದೆ ಮೈತ್ರಿಯವರೆಗೆ ಹೋಗಬೇಕೆಂದು, ಮನುಷ್ಯರನ್ನು ದಾಟಿ ಎಲ್ಲ ಜೀವಿಗಳಿಗೂ ಅದು ಮುಟ್ಟಬೇಕೆಂದು ವಿವರಿಸಿದ್ದಾರೆ. ಆ ದೂರದ ದಾರಿಗೆ ಮೊದಲ ಹೆಜ್ಜೆ ಈ ಒಂದು ಮಗು.

ಆನಾಪಾನವೂ ಎಲ್ಲಿಗೂ ಹೋಗಿಲ್ಲ. ಉಸಿರು ಎಣಿಸಲು ಕಲಿತಿದ್ದೀರಲ್ಲ, ಮಗುವಿನ ಉಸಿರನ್ನು ಎಣಿಸಿ. ಕೆಮ್ಮು ಜ್ವರ ಇರುವಾಗ, ಮಗು ಅಳದೆ ಸುಮ್ಮನಿರುವ ಹೊತ್ತು ನೋಡಿ, ಅಂಗಿ ಮೇಲೆತ್ತಿ, ಗಡಿಯಾರ ನೋಡಿಕೊಂಡು ಪೂರ್ತಿ 1 ನಿಮಿಷ ಎಣಿಸಬೇಕು. 2 ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, 2 ತಿಂಗಳಿನಿಂದ ವರ್ಷದವರೆಗೆ 50 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು, ನ್ಯುಮೋನಿಯಾದ ಗುರುತು ಇರಬಹುದು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಒಳಕ್ಕೆ ಗುಳಿ ಬಿದ್ದರೆ, ಹಾಲು ಕುಡಿಯುವುದು ಬಿಟ್ಟರೆ, ಜಟ್ಟು ಹಿಡಿದಂತೆ ಮಲಗಿದರೆ, 2 ತಿಂಗಳೊಳಗಿನ ಮಗುವಿಗೆ ಮೈ ಬಿಸಿಯಾದರೆ, ಬೆಳಗಾಗಲಿ ಎಂದು ಕಾಯಬಾರದು. ಧ್ಯಾನ ಕಲಿತವರ ಕೈಯಲ್ಲಿ ಈ ಒಂದು ನಿಮಿಷ ನಡುಗದೆ ಸಾಗಬೇಕು. ಅಷ್ಟಾದರೆ ನಿಮ್ಮ ಆ ಅರ್ಧ ಗಂಟೆಗಳು ವ್ಯರ್ಥವಾಗಿಲ್ಲ.

ಇನ್ನು ಗಂಡಸರ ಕಡೆ ತಿರುಗುತ್ತೇವೆ.

ತಾಯಿ ದೇವತೆ, ತಾಯಿ ತ್ಯಾಗಮಯಿ ಎಂಬ ಚಿತ್ರಗಳು ಈ ಗುಂಪಿಗೂ ವಾರಕ್ಕೆ ನಾಲ್ಕು ಬರುತ್ತವೆ. ಕಳಿಸುವವರು ಹೆಚ್ಚಾಗಿ ಗಂಡಸರು. ಆ ಹೊತ್ತಿಗೆ ಮನೆಯಲ್ಲಿ ಮಗುವಿನ ಬಟ್ಟೆ ಯಾರು ತೊಳೆಯುತ್ತಿದ್ದಾರೆ ಎಂದು ಕೇಳಬೇಕಾಗಿದೆ. ನಮ್ಮ ಜನಕ್ಕೆ ಈ ಹೊಗಳಿಕೆಯ ಪರಿಚಯ ಹಳೆಯದು. ಊರಿನ ಹೊಲಸು ತೆಗೆಯುವವನೂ ಮಗುವಿನ ಮಲ ತೊಳೆಯುವ ತಾಯಿಯೂ ಒಂದೇ, ಎಷ್ಟು ಪವಿತ್ರ ಸೇವೆ, ಎಂದು ಹೇಳಿ ಹೇಳಿಯೇ ಕೆಲವು ಜಾತಿಗಳನ್ನು ಆ ಕೆಲಸಕ್ಕೆ ಕಟ್ಟಿಹಾಕಿದ್ದರು. ಕೂಲಿಯ ಬದಲು ಹೊಗಳಿಕೆ, ಸಮಾನತೆಯ ಬದಲು ಹೊಗಳಿಕೆ. ಬಾಬಾಸಾಹೇಬರ ಮಕ್ಕಳಾದ ನಾವು ಆ ಮೋಸವನ್ನು ಬೀದಿಯಲ್ಲಿ ಗುರುತಿಸುತ್ತೇವೆ. ಅದೇ ಮೋಸ ಅಡುಗೆಮನೆಯಲ್ಲಿ ನಡೆದರೆ ಫೋಟೋ ಕಳಿಸುತ್ತೇವೆ. ದೇವತೆ ಎಂದು ಕರೆದು ನಿದ್ದೆ ಮಾಡಲು ಬಿಡದಿರುವುದಕ್ಕೆ ಏನು ಹೆಸರು?

ವಿನಯದಲ್ಲಿ ಒಂದು ಪ್ರಸಂಗವಿದೆ, ನೀವು ಕೇಳಿರುತ್ತೀರಿ. ಭೇದಿಯಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಒಬ್ಬ ಭಿಕ್ಷುವನ್ನು ಯಾರೂ ಮುಟ್ಟಿರಲಿಲ್ಲ. ಬುದ್ಧರು ಆನಂದನಿಗೆ ನೀರು ತರಹೇಳಿ, ತಾವು ನೀರು ಹೊಯ್ದರು, ಆನಂದ ಮೈ ತೊಳೆದ. ತಲೆಯ ಕಡೆ ಒಬ್ಬರು, ಕಾಲಿನ ಕಡೆ ಒಬ್ಬರು ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಶಾಕ್ಯರ ಮನೆಯ ಮಗ, ಸಂಘದ ಶಾಸ್ತಾ, ಆ ಕೆಲಸಕ್ಕೆ ಕೈ ಹಾಕಿದ. ಹೀಗಿರುವಾಗ ಉಪಾಸಕನೊಬ್ಬ ತನ್ನ ಸ್ವಂತ ಮಗುವಿನ ಬಟ್ಟೆ ತೊಳೆಯುವುದನ್ನು ಅಂಗಳದಲ್ಲಿ ಯಾರಾದರೂ ಕಂಡಾರು ಎಂದು ಹಿಂಜರಿಯುವುದು ಯಾವ ಲೆಕ್ಕ?

ರಬ್ಬರ್ ಟ್ಯಾಪಿಂಗಿಗೆ ಬೆಳಗಿನ ಜಾವ ಹೋಗುವವರಿಗೆ ರಾತ್ರಿ ಏಳುವುದು ಕಷ್ಟ, ಒಪ್ಪುತ್ತೇವೆ. ಅವರು ಮಧ್ಯಾಹ್ನಕ್ಕೆ ಮನೆಗೆ ಬರುತ್ತಾರೆ. ಮಗುವಿನ ಸ್ನಾನ, ಮಣ್ಣಿ ತಿನ್ನಿಸುವುದು, 2 ಗಂಟೆ ಎತ್ತಿಕೊಂಡು ತಿರುಗಾಡುವುದು ಅವರದಾಗಲಿ. ಆ 2 ಗಂಟೆ ತಾಯಿ ಬಾಗಿಲು ಹಾಕಿಕೊಂಡು ಮಲಗಲಿ, ಬೀಡಿಗೂ ಕೂರದೆ. ಅಭಯ ರಾಜಕುಮಾರ ವಾದಕ್ಕೆ ಕೂತಾಗಲೂ ಮಗು ಅವನ ತೊಡೆಯ ಮೇಲಿತ್ತು ಎಂಬುದನ್ನು ಸುತ್ತ ಬರೆದವರು ವಿಚಿತ್ರವೆಂದು ಹೇಳಿಲ್ಲ.

ಹೆರಿಗೆಯಾದ ಮೊದಲ ವಾರಗಳ ಬಗ್ಗೆ ಬೇರೆಯೇ ಹೇಳಬೇಕು. ಮಹಾಮಾಯೆ ಚೊಚ್ಚಲ ಹೆರಿಗೆಗೆ ಕಪಿಲವಸ್ತುವಿನಿಂದ ತವರಾದ ದೇವದಹಕ್ಕೆ ಹೊರಟಿದ್ದಳು, ನಮ್ಮ ಹೆಣ್ಣುಮಕ್ಕಳು ಹೋಗುವ ಹಾಗೆಯೇ. ದಾರಿಯಲ್ಲಿ ಲುಂಬಿನಿಯಲ್ಲಿ ಹೆರಿಗೆಯಾಯಿತು. 7ನೆಯ ದಿನ ಅವಳು ತೀರಿಕೊಂಡಳು. ತೀರಿಕೊಳ್ಳುವ ಮುನ್ನ ಮಗುವನ್ನು ಸೋದರಿ ಮಹಾಪ್ರಜಾಪತಿಯ ಕೈಗೆ ಕೊಟ್ಟಳೆಂದು ಬಾಬಾಸಾಹೇಬರು ಬರೆದಿದ್ದಾರೆ. ಬುದ್ಧರ ಬದುಕು ಆರಂಭವಾಗುವುದೇ ಒಂದು ಬಾಣಂತಿಯ ಸಾವಿನಿಂದ. ಹೆರಿಗೆಯಾಗಿ 42 ದಿನದೊಳಗಿನ ಸಾವನ್ನು ಇಂದಿಗೂ ತಾಯಿಮರಣ ಎಂದು ಲೆಕ್ಕ ಹಾಕುತ್ತಾರೆ. ಆ ದಿನಗಳಲ್ಲಿ ಬಾಣಂತಿಗೆ ಜ್ವರ, ಹೆಚ್ಚು ರಕ್ತಸ್ರಾವ, ಕಣ್ಣು ಮಂಜಾಗುವಷ್ಟು ತಲೆನೋವು ಬಂದರೆ ಅದು ಮಗುವಿನ ಜ್ವರದಷ್ಟೇ ತುರ್ತು.

ಹಾಗಾಗಿ ನಮ್ಮ ಹಿರಿಯರ ಬಾಣಂತನವನ್ನು ಇಡಿಯಾಗಿ ಎತ್ತಿ ಎಸೆಯಬೇಡಿ. ಬಿಸಿನೀರು, ಎಣ್ಣೆ, ಹೊತ್ತಿಗೆ ಊಟ, 40 ದಿನ ಕೆಲಸವಿಲ್ಲದ ವಿಶ್ರಾಂತಿ, ಇದು ಜಾಣತನ. ಬಿಡಬೇಕಾದದ್ದು ಅಮೆ. ಹೆತ್ತವಳು ಮೈಲಿಗೆ, ಮುಟ್ಟಿದವರು ಮೀಯಬೇಕು ಎಂಬ ಮಾತನ್ನು ಅಸ್ಪೃಶ್ಯತೆ ಅನುಭವಿಸಿದ ಮನೆ ಹೇಗೆ ಒಪ್ಪುತ್ತದೋ ತಿಳಿಯದು. ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವುದನ್ನೂ ಬಿಡಿ. ವರ್ಷ ತುಂಬುವವರೆಗೆ ಜೇನು ಬೇಡ, ಅದರಿಂದ ಬರುವ ಒಂದು ವಿಷಬಾಧೆ ಹಸುಗೂಸಿನ ನರಗಳನ್ನು ಹಿಡಿಯುತ್ತದೆ. 6 ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ. ಆಮೇಲೆ ರಾಗಿ ಮಣ್ಣಿ, ಚೆನ್ನಾಗಿ ಬೆಂದ ಕುಚ್ಚಲಕ್ಕಿ ಗಂಜಿ, ಬೇಳೆ, ಬಾಳೆಹಣ್ಣು, ಮೊಟ್ಟೆ, ಜೊತೆಗೆ ಎದೆಹಾಲು. ಅಂಗನವಾಡಿಯ ಮಾತೃಪೂರ್ಣ ಯೋಜನೆಯ ಬಿಸಿಯೂಟ ಬಸುರಿಯರಿಗೂ, ಹೆರಿಗೆಯಾಗಿ 6 ತಿಂಗಳವರೆಗೆ ಬಾಣಂತಿಯರಿಗೂ ಇದೆ. 2017ರಿಂದ ನಡೆಯುತ್ತಿರುವ ಇದನ್ನು ನಾಚಿಕೆಯಿಂದ ಬಿಡುವವರಿದ್ದಾರೆ. ಅದು ದಾನವಲ್ಲ, ಹಕ್ಕು.

ಹೆರಿಗೆಯ ನಂತರ ವಾರಗಟ್ಟಲೆ ಕಾರಣವಿಲ್ಲದೆ ಅಳು ಬರುವುದು, ಮಗುವಿನ ಮೇಲೆ ಮನಸ್ಸೇ ಇಲ್ಲದಂತಾಗುವುದು, ಸಾಯುವ ಯೋಚನೆ ಬರುವುದು, ಇವು ಕಾಯಿಲೆಯ ಲಕ್ಷಣ. ಗಾಳಿ ಸೋಂಕಲ್ಲ, ದೈವದ ಮುನಿಸೂ ಅಲ್ಲ, ಧ್ಯಾನ ಕಮ್ಮಿಯಾದದ್ದರಿಂದಲೂ ಅಲ್ಲ. ಆಸ್ಪತ್ರೆಯಲ್ಲಿ ಹೇಳಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಹಣವಿಲ್ಲದೆ ಕನ್ನಡದಲ್ಲೇ ಮಾತಾಡುತ್ತಾರೆ.

ರಮಾಯಿಯವರನ್ನು ನೆನೆಯದೆ ಈ ವಿಷಯ ಮುಂದೆ ಹೋಗುವುದಿಲ್ಲ. ಯಶವಂತ ಹುಟ್ಟಿದ್ದು 1912ರ ಡಿಸೆಂಬರ್ 12ರಂದು. ಮಗುವಿಗೆ 2 ತಿಂಗಳೂ ತುಂಬಿರಲಿಲ್ಲ, 1913ರ ಫೆಬ್ರವರಿ 2ರಂದು ಅಜ್ಜ ರಾಮ್‌ಜಿ ಸಕ್ಪಾಲರು ತೀರಿಕೊಂಡರು. ಜುಲೈಯಲ್ಲಿ ಬಾಬಾಸಾಹೇಬರು ನ್ಯೂಯಾರ್ಕ್ ಮುಟ್ಟಿದಾಗ ಯಶವಂತನಿಗೆ 7 ತಿಂಗಳು. ನಾವು ಕೊಲಂಬಿಯಾ ವಿಶ್ವವಿದ್ಯಾಲಯದ ಆ ವರ್ಷಗಳ ಬಗ್ಗೆ ಭಾಷಣ ಮಾಡುತ್ತೇವೆ, ಅವರು ಎಷ್ಟು ಗಂಟೆ ಓದುತ್ತಿದ್ದರೆಂದು ಮಕ್ಕಳಿಗೆ ಹೇಳುತ್ತೇವೆ. ಅದೇ ತಿಂಗಳುಗಳಲ್ಲಿ ಮುಂಬೈಯ ಚಾಳಿನಲ್ಲಿ ಹದಿಹರೆಯದ ಒಬ್ಬ ತಾಯಿ, ಮನೆಯ ಹಿರಿಯನನ್ನು ಕಳೆದುಕೊಂಡ ಸಂಸಾರದಲ್ಲಿ, ಅಂಬೆಗಾಲಿಡಲು ಹೊರಟ ಮಗುವನ್ನು ಕಾಯುತ್ತಿದ್ದಳು. ಆ ಓದಿನ ಲೆಕ್ಕದಲ್ಲಿ ಈ ರಾತ್ರಿಗಳೂ ಸೇರಬೇಕು.

ಅವರಿಗೆ ಹುಟ್ಟಿದ ಐವರಲ್ಲಿ ಉಳಿದದ್ದು ಯಶವಂತ ಒಬ್ಬರೇ. ಗಂಗಾಧರ, ರಮೇಶ, ಇಂದು, ರಾಜರತ್ನ ನಾಲ್ವರೂ ಎಳವೆಯಲ್ಲೇ ಹೋದರು. ಕೊನೆಯವನು ರಾಜರತ್ನ, 1926ರ ಜುಲೈಯಲ್ಲಿ. 2 ವರ್ಷ ಕಳೆದು 1928ರ ಜುಲೈ 28ರಂದು, ಮುಂಬೈ ಶಾಸನ ಪರಿಷತ್ತಿನಲ್ಲಿ ಕಾರ್ಖಾನೆಯ ಹೆಣ್ಣುಮಕ್ಕಳ ಹೆರಿಗೆ ಸೌಲಭ್ಯದ ಮಸೂದೆ ಚರ್ಚೆಗೆ ಬಂದಾಗ ಬಾಬಾಸಾಹೇಬರು ಅದರ ಪರವಾಗಿ ಎದ್ದು ನಿಂತರು. ಹೆರಿಗೆಗೆ ಮುಂಚೆಯೂ ನಂತರವೂ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಅದರ ಹೊರೆಯನ್ನು ಸರ್ಕಾರ ಹೊರಬೇಕು, ಅವಳ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಹೊರಬೇಕು ಎಂಬುದು ಅವರ ವಾದ. ಮರುವರ್ಷ ಅದು ಕಾಯ್ದೆಯಾಯಿತು. ಮುಂದೆ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ಗಣಿಗಳ ಹೆಂಗಸರ ಹೆರಿಗೆ ಕಾಯ್ದೆಯನ್ನೂ ತಿದ್ದಿಸಿದರು. ನಾಲ್ಕು ಮಕ್ಕಳನ್ನು ಕಳೆದುಕೊಂಡ ತಂದೆ ಗ್ರಹಚಾರ ಎನ್ನಲಿಲ್ಲ, ಹರಕೆ ಹೊರಲಿಲ್ಲ. ತಾಯಿ ಮಗುವನ್ನು ಕಾಯುವುದು ಕೆಲಸ ಎಂದು ಅವರು ಕಾನೂನಿನ ಭಾಷೆಯಲ್ಲಿ ಬರೆಸಿದರು. ಬೀಡಿ ಕಟ್ಟುವ ಅಕ್ಕಂದಿರೇ, 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲೇ ಕೂತು ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿಕೊಂಡು ಹೆರಿಗೆ ಸೌಲಭ್ಯವನ್ನು ನಿಮಗೂ ಚಾಚಿತು. ಆ ದಾರಿ ತೆರೆದದ್ದು 1928ರ ಆ ಚರ್ಚೆಗಳಲ್ಲಿ.

ಈಗ ನೂಲಿನ ಮಾತು. ಅದಕ್ಕೆ ಮೊದಲು ನಮ್ಮ ತುಳುನಾಡಿನದೇ ಒಂದು ಸಂಗತಿ ತಿಳಿದಿರಬೇಕು.

ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಕೊರಗರ ಬಗ್ಗೆ ಬರೆಯುತ್ತಾ ಒಂದು ಪದ್ಧತಿಯನ್ನು ದಾಖಲಿಸಿದ್ದಾರೆ. ಮೇಲ್ಜಾತಿಯ ಮನೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಸಾಯುತ್ತಿದ್ದರೆ, ಒಬ್ಬ ಕೊರಗ ಹೆಂಗಸನ್ನು ಕರೆಸುತ್ತಿದ್ದರು. ಅವಳಿಗೆ ಎಣ್ಣೆ, ಅಕ್ಕಿ, ಕಾಸು ಕೊಟ್ಟು, ಉಳಿದ ಮಗುವನ್ನು ಅವಳ ಕೈಗೆ ಕೊಡುತ್ತಿದ್ದರು. ಅವಳು ಅದಕ್ಕೆ ಎದೆಹಾಲು ಕುಡಿಸಿ, ತನ್ನ ಕಬ್ಬಿಣದ ಬಳೆ ತೊಡಿಸಿ, ಕೊರಗ ಹೆಸರಿಟ್ಟು ತಾಯಿಗೆ ಮರಳಿಸಬೇಕು. ಆಗ ಮಗು ಬದುಕುತ್ತದೆಂಬ ನಂಬಿಕೆ.

ನಿಂತು ಯೋಚಿಸಿ. ಯಾರ ನೆರಳು ಬಿದ್ದರೂ ಮೈಲಿಗೆಯೋ ಅವಳ ಹಾಲು ಮಗುವಿನ ಹೊಟ್ಟೆಗೆ. ಮಗು ಮೂಸಿ ನೋಡಲಿಲ್ಲ, ಜಾತಿ ಕೇಳಲಿಲ್ಲ. ಮಹಾಮಾಲುಂಕ್ಯ ಸುತ್ತದಲ್ಲಿ ಬುದ್ಧರು, ಅಂಗಾತ ಮಲಗಿದ ಎಳೆಮಗುವಿಗೆ 'ನಾನು' ಎಂಬ ಕಲ್ಪನೆಯೇ ಇಲ್ಲ, ಆಚಾರ ವ್ರತ ಎಂಬುದೂ ತಿಳಿಯದು ಎನ್ನುತ್ತಾರೆ. ಆದರೂ ಬೀಜ ಒಳಗಿದೆ ಎಂದು ಎಚ್ಚರಿಸುತ್ತಾರೆ. ಆ ಬೀಜಕ್ಕೆ ನೀರು ಹೊಯ್ದವರು ದೊಡ್ಡವರು. ಆ ಕೊರಗ ತಾಯಿಯ ಸ್ವಂತ ಕೂಸು ಆ ಹೊತ್ತಿಗೆ ಎಲ್ಲಿತ್ತು, ಅದರ ಹಾಲು ಏನಾಯಿತು, ಅದು ಬದುಕಿತೇ ಎಂದು ಸಂಪುಟ ಬರೆದವರು ಕೇಳಿಲ್ಲ. ಮಹಾಪ್ರಜಾಪತಿ ಸೋದರಿಯ ಮಗುವಿಗೆ ಹಾಲೂಡಿಸಿದಳು, ಚರಿತ್ರೆಯಲ್ಲಿ ಹೆಸರು ಉಳಿಯಿತು. ಈಕೆ ಹಾಲು ಕೊಟ್ಟು ಅಂಗಳದಾಚೆಗೆ ವಾಪಸು ನಡೆದಳು. ಕಂಟಕವನ್ನು ಇನ್ನೊಬ್ಬರ ಮೈಗೆ ದಾಟಿಸುವ ಇದೇ ಲೆಕ್ಕದಲ್ಲಿ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದರು. ಅಜಲು ಎಂಬ ಆ ಪದ್ಧತಿಯನ್ನು ಕರ್ನಾಟಕ ಕಾನೂನು ಮಾಡಿ ನಿಷೇಧಿಸಿದ್ದು 2000ದಲ್ಲಿ. ದೂರದ ಕಾಲದ ಮಾತಲ್ಲ ಇದು.

ಅಂದರೆ, ಮಗು ಸತ್ತೀತೆಂಬ ಭಯ ಜಾತಿಯನ್ನೂ ಮರೆಸುವಷ್ಟು ದೊಡ್ಡದು. ಆದರೆ ಭಯ ಅದನ್ನು ಒಂದು ಗಳಿಗೆ ಮರೆಸುತ್ತದೆ, ಅಳಿಸುವುದಿಲ್ಲ. ಆ ಭಯದ ಮೇಲೆ ಕಟ್ಟಿದ್ದೆಲ್ಲ ಯಾರನ್ನೋ ಒಬ್ಬರನ್ನು ತುಳಿದೇ ನಿಂತಿರುತ್ತದೆ. 22 ಪ್ರತಿಜ್ಞೆಗಳನ್ನು ತೆಗೆದುಕೊಂಡ ನಾವು ನೂಲನ್ನು ಬೇಡ ಎನ್ನುವುದು ಇದಕ್ಕಾಗಿ. ಕುತ್ತಿಗೆಗೆ ಕಟ್ಟಿದ ನೂಲು ಮಗು ಮಗುಚಿದಾಗ ಬಿಗಿಯುತ್ತದೆ ಎಂಬ ಕಾರಣ ಬೇರೆ. ವಿಹಾರದಿಂದ ಬಿಳಿ ನೂಲು ತಂದು ಕಪ್ಪು ನೂಲಿನ ಜಾಗದಲ್ಲಿ ಕಟ್ಟುವವರೂ ನಮ್ಮಲ್ಲಿದ್ದಾರೆ. ಬಣ್ಣ ಬದಲಾಯಿತು, ಅಷ್ಟೆ. ಮಗುವಿನ ರಕ್ಷೆ ತಾಯಿ ಕಾರ್ಡಿನಲ್ಲಿದೆ: ಹುಟ್ಟಿದಾಗ, 6, 10, 14ನೆಯ ವಾರ, 9 ತಿಂಗಳು. ನಮ್ಮ ತಂಗಿಯ ಮಗನಿಗೆ ಬರುವ ತಿಂಗಳು ದಡಾರ ರುಬೆಲ್ಲಾ ಲಸಿಕೆಯ ಸರದಿ, ಮರೆಯಬಾರದು.

ಇನ್ನು ಅತ್ತೆಯ ಹತ್ತಿರ ಮಾತಾಡುವುದು ಹೇಗೆ? ಇಲ್ಲಿ ಅಭಯ ಸುತ್ತದ ಉಳಿದ ಅರ್ಧ ಬೇಕು. ಮಾತು ಸತ್ಯವಾಗಿರಬೇಕು, ಹಿತವಾಗಿರಬೇಕು. ಎರಡೂ ಇದ್ದು ಕೇಳುವವರಿಗೆ ಕಹಿಯಾಗಿದ್ದರೆ ತಥಾಗತರು ಅದಕ್ಕೆ ಕಾಲ ನೋಡುತ್ತಾರೆ. ಕಾಲ ನೋಡುವುದನ್ನೇ ನಮ್ಮ ಹುಡುಗರು ಮರೆಯುವುದು. ಧರ್ಮಸ್ಥಳದ ಲಿಂಗ ಬಂದದ್ದು ಮಂಗಳೂರಿನ ಕದ್ರಿಯಿಂದ ಎಂಬ ಐತಿಹ್ಯವಿದೆ, ಕದ್ರಿಯ ಲೋಕೇಶ್ವರ ವಿಗ್ರಹದ ಕ್ರಿ.ಶ. 968ರ ಶಾಸನದಲ್ಲಿ ಕದರಿಕಾ ವಿಹಾರದ ಹೆಸರಿದೆ, ಇದೆಲ್ಲ ಓದಬೇಕಾದ ಚರಿತ್ರೆ. ಆದರೆ ಜ್ವರದ ಮಗುವನ್ನು ಎತ್ತಿಕೊಂಡು ಕಣ್ಣೀರಿಡುತ್ತಿರುವ ಅಜ್ಜಿಗೆ ಶಾಸನ ಓದಿ ಹೇಳುವುದು ಸಮ್ಮಾ ವಾಚಾ ಅಲ್ಲ.

ಜ್ವರದ ರಾತ್ರಿ ವಾದ ಬೇಡ. ಅವರು ನೂಲು ಕಟ್ಟಿಬಿಟ್ಟರೆ ಕೈಗೋ ಕಾಲಿಗೋ ಸಡಿಲವಾಗಿರಲಿ, ನೀವು ಉಸಿರು ಎಣಿಸಿ, ರಿಕ್ಷಾ ಕರೆಸಿ, ಅತ್ತೆಯನ್ನೂ ಜೊತೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಾಕ್ಟರು ಹೇಳುವುದನ್ನು ಅವರೂ ಕೇಳಲಿ. ಮಾತಿಗೆ ಬೇರೆ ದಿನವಿದೆ. ಮಗು ಗೆಲುವಾಗಿರುವ ಒಂದು ಬೆಳಿಗ್ಗೆ, ಅವರು ಕಾಲು ನೀಡಿ ಕೂತು ಮಗುವಿಗೆ ಎಣ್ಣೆ ತಿಕ್ಕುತ್ತಿರುವಾಗ, ಬಚ್ಚಲಿನ ಹಂಡೆಗೆ ಬೆಂಕಿ ಹಾಕುತ್ತಾ ಕೇಳಿ: "ಅತ್ತೆ, ನಿಮಗೆ ಒಟ್ಟು ಎಷ್ಟು ಹೆರಿಗೆ? ಉಳಿಯದ ಮಕ್ಕಳು ಇದ್ದವಾ?" ಆ ತಲೆಮಾರಿನ ಬಹಳ ಮಂದಿ ಅಜ್ಜಿಯರ ಬಳಿ ಯಾರಿಗೂ ಹೇಳದ ಒಂದಾದರೂ ಹೆಸರು, ಅಥವಾ ಹೆಸರಿಡುವ ಮೊದಲೇ ಹೋದ ಒಂದು ಮಗು ಇರುತ್ತದೆ. ಕಿಸಾ ಗೋತಮಿ ಸತ್ತ ಮಗುವನ್ನು ಎತ್ತಿಕೊಂಡು ಸಾಸಿವೆಗಾಗಿ ಮನೆಮನೆ ಸುತ್ತಿದಾಗ ಬಾಗಿಲು ಬಾಗಿಲಿಗೂ ಕೇಳಿಸಿಕೊಂಡದ್ದು ಇದನ್ನೇ. ಅವರು ಹೇಳಲಿ. ನಡುವೆ ಬಾಯಿ ಹಾಕಬೇಡಿ. ಆ ಮಗುವಿಗೆ ಏನಾಗಿತ್ತು, ಆಗ ಆಸ್ಪತ್ರೆ ಎಷ್ಟು ದೂರವಿತ್ತು, ಹೊಳೆ ತುಂಬಿತ್ತಾ, ಯಾರು ಮುಟ್ಟಿ ನೋಡಲು ಒಪ್ಪಿರಲಿಲ್ಲ ಎಂದು ಕೇಳಿ. ತುಲಾಭಾರದ ಮಾತನ್ನು ಅವರು ಅಂದೇ ಎತ್ತಿದರೆ, ಆ ತೂಕದ ಅಕ್ಕಿಯನ್ನೋ ಬೆಲ್ಲವನ್ನೋ ಅಂಗನವಾಡಿಯ ಮಕ್ಕಳಿಗೆ ಅವರ ಕೈಯಿಂದಲೇ ಕೊಡಿಸುವ ಎಂದು ಹೇಳಿ ನೋಡಬಹುದು. ಒಪ್ಪದಿದ್ದರೆ ಎಣ್ಣೆ ಸ್ನಾನ ಮುಗಿಯಲಿ, ನಾಳೆಯೂ ಸ್ನಾನ ಇದೆ.

*ಭಾನುವಾರದ ಓದು:* ಅಭಯರಾಜಕುಮಾರ ಸುತ್ತ, ಮತ್ತು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಸಿದ್ಧಾರ್ಥರ ಜನನದ ಭಾಗ. ಮಕ್ಕಳನ್ನು ಕರೆತನ್ನಿ. ಚಾಪೆ ಹಾಸಿರುತ್ತದೆ. ಓದು ನಡೆಯುವಾಗ ಮಕ್ಕಳನ್ನು ನೋಡಿಕೊಳ್ಳುವ ಸರದಿ ಈ ವಾರ ಅಪ್ಪಂದಿರದು. ಹೆಸರು ಕೊಡುವವರು ಶನಿವಾರ ಸಂಜೆಯೊಳಗೆ ಇದೇ ಗುಂಪಿನಲ್ಲಿ ತಿಳಿಸಿ.

ನಮೋ ಬುದ್ಧಾಯ. ಜೈ ಭೀಮ್.